ನನ್ನ ರಕ್ತದಲ್ಲಿದ್ದುಕೊಂಡೇ ನನ್ನ ಮೇಲೆ ಚಾಡಿ ಹೇಳುವ ಮಹನೀಯರಿಗೆ

ಮಾನ್ಯರಲ್ಲಿ ಮಾನ್ಯರೂ, ನನ್ನ ಎರಡೂ ತೋಳುಗಳಲ್ಲಿ ಏಕಕಾಲಕ್ಕೆ ಸಂಚರಿಸಬಲ್ಲವರೂ, ಹೃದಯದಲ್ಲಿ ಹುಟ್ಟಿ ಪ್ರಯೋಗಾಲಯದಲ್ಲಿ ಹೆಸರು ಮಾಡಿದವರೂ ಆದ ಶ್ರೀಮಾನ್ ಎನ್‌ಟಿ-ಪ್ರೊಬಿಎನ್‌ಪಿ ಅವರ ಸನ್ನಿಧಿಗೆ, ತಮ್ಮ ಖಾಯಂ ವಿಳಾಸವಾಗಿರುವ ಈ ಹಳೆಯ ದೇಹದ ಮಾಲೀಕನು ಮಾಡುವ ಅನಂತ ನಮಸ್ಕಾರಗಳು. ತಾವು ಬಹಳ ಕ್ಷೇಮವಾಗಿದ್ದೀರೆಂದು ಆಸ್ಪತ್ರೆಯ ವರದಿಯಿಂದ ತಿಳಿಯಿತು. ತಾವು ಇಷ್ಟು ಕ್ಷೇಮವಾಗಿರುವುದೇ ನನ್ನ ಕ್ಷೇಮಕ್ಕೆ ಅಡ್ಡಿಯೆಂದು ಡಾಕ್ಟರಮ್ಮ ಹೇಳಿದ್ದರಿಂದ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲಿಗೆ ನನ್ನ ಪರಿಚಯ. ಇಷ್ಟು ವರ್ಷ ನನ್ನೊಳಗೇ ವಾಸವಿದ್ದರೂ ತಾವು ನನ್ನನ್ನು ಹೊರಗಿನಿಂದ ನೋಡಿರುವ ಸಾಧ್ಯತೆ ಕಡಿಮೆ. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಬರೆದವರಿಗೆ ತಮ್ಮ ದೂರು ಪರಿಶೀಲನೆಯಲ್ಲಿದೆಯೆಂದೂ, ನೀರಿನ ಜತೆ ಹುಳ ಬರುತ್ತಿದೆಯೆಂದು ಬರೆದವರಿಗೆ ನೀರು ಬರುತ್ತಿರುವ ವಿಷಯ ತಿಳಿದು ಸಂತೋಷವಾಯಿತೆಂದೂ ಉತ್ತರ ಬರೆದು ಸಂಬಳ ತೆಗೆದುಕೊಂಡವನು. ಹೀಗಾಗಿ ದೂರಿನ ಪತ್ರ ಹೇಗಿರಬೇಕೆಂದು ನನಗೆ ಚೆನ್ನಾಗಿ ಗೊತ್ತು. ಬೈಗುಳವಿದ್ದರೆ ಅದು ಕಸದ ಬುಟ್ಟಿಗೆ ಹೋಗುತ್ತದೆ, ಹೊಗಳಿಕೆಯಿದ್ದರೆ ಮೇಲಧಿಕಾರಿಯ ಮೇಜಿಗೆ ಹೋಗುತ್ತದೆ. ಆದ್ದರಿಂದ ತಮ್ಮನ್ನು ಹೊಗಳಲು ಅಪ್ಪಣೆಯಾಗಬೇಕು.

ತಮ್ಮ ಮಹಿಮೆ ನನಗೆ ತಿಳಿದದ್ದು ಕಾಲು ಊದಿಕೊಂಡ ಮೇಲೆ. ಒಂದು ಬೆಳಗ್ಗೆ ಬೂಟು ಹಿಡಿಸಲಿಲ್ಲ. ಬೂಟು ನೆನೆದು ಚಿಕ್ಕದಾಗಿದೆಯೆಂದು ನಾನು ವಾದಿಸಿದೆ. ಮುಂದಿನ ಕೋಣೆಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ನನ್ನ ಹೆಂಡತಿ, ಕತ್ತಿನಲ್ಲಿ ನೇತುಹಾಕಿಕೊಂಡಿದ್ದ ಅಳತೆಯ ಟೇಪನ್ನು ನನ್ನ ಕಣಕಾಲಿಗೆ ಸುತ್ತಿ ನೋಡಿ, “ರೀ, ಬೂಟು ಅಲ್ಲೇ ಇದೆ, ನೀವೇ ಬೆಳೆದಿದ್ದೀರ” ಎಂದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು, ಕಾಲೇ ಊದಿಕೊಂಡರೆ ಏನು ಮಾಡಬೇಕೆಂದು ಹೇಳಿಲ್ಲವಾದ್ದರಿಂದ ಆಸ್ಪತ್ರೆಗೆ ಹೋದೆವು. ಅಲ್ಲಿ ಚಿಕ್ಕ ವಯಸ್ಸಿನ, ಮೆಲ್ಲಗೆ ಮಾತಾಡುವ ಹೃದಯದ ಡಾಕ್ಟರಮ್ಮ ನನ್ನ ಪಂಪು ಸೋತಿದೆಯೆಂದು ವಿವರಿಸಿದರು. ನೀರು ಸರಬರಾಜಿನವನಿಗೆ ಪಂಪು ಸೋಲುವುದು ಹೊಸ ಸುದ್ದಿಯಲ್ಲ. ಆದರೆ ನಮ್ಮ ಕಚೇರಿಯಲ್ಲಿ ಪಂಪು ಸೋತರೆ ಅದು ಸೋತಿಲ್ಲವೆಂದು ಹೇಳುವುದಕ್ಕೆ ನಾನಿರುತ್ತಿದ್ದೆ. ಇಲ್ಲಿ ಅದು ಸೋತಿದೆಯೆಂದು ಸಾರುವುದಕ್ಕೆ ತಾವಿದ್ದೀರಿ.

ತಮ್ಮ ಹುಟ್ಟಿನ ಕಥೆಯನ್ನೂ ಅವರೇ ಹೇಳಿದರು. ಹೃದಯದ ಗೋಡೆ ಒತ್ತಡಕ್ಕೆ ಹಿಗ್ಗಿದಾಗ ಅದು ಒಂದು ಪದಾರ್ಥವನ್ನು ಮಾಡಿ ಹೊರಗೆ ಬಿಡುತ್ತದಂತೆ. ಆ ಪದಾರ್ಥ ಎರಡು ತುಂಡಾಗಿ ತಾವೂ ತಮ್ಮ ಕಿರಿಯ ಸಹೋದರರಾದ ಬಿಎನ್‌ಪಿ ಅವರೂ ಹುಟ್ಟುತ್ತೀರಂತೆ. ಕಿರಿಯರು ಬಡಪಾಯಿ, ಹುಟ್ಟಿದ ಕ್ಷಣದಿಂದ ದುಡಿತ. ರಕ್ತನಾಳಗಳನ್ನು ಸಡಿಲಿಸಬೇಕು, ಮೂತ್ರಪಿಂಡದ ಬಾಗಿಲಿಗೆ ಹೋಗಿ ಉಪ್ಪನ್ನೂ ನೀರನ್ನೂ ಆಚೆ ಕಳಿಸಿರೆಂದು ಅಂಗಲಾಚಬೇಕು, ಹೀಗೆ ದುಡಿದು ದುಡಿದು ಬೇಗನೆ ಸವೆದುಹೋಗಬೇಕು. ಹಿರಿಯರಾದ ತಾವು ಯಾವ ಕೆಲಸವನ್ನೂ ಮಾಡುವುದಿಲ್ಲ. ರಕ್ತದಲ್ಲಿ ಸುತ್ತಾಡಿಕೊಂಡು ಹೆಚ್ಚು ಹೊತ್ತು ಬದುಕಿರುತ್ತೀರಿ, ಅಷ್ಟೆ. ಎಣಿಕೆಗೆ ಸಿಗುವವರು ತಾವಾದ್ದರಿಂದ ವರದಿಯಲ್ಲಿ ದಪ್ಪ ಅಕ್ಷರದಲ್ಲಿ ತಮ್ಮ ಹೆಸರೇ ಬರುತ್ತದೆ. ಇದನ್ನು ಕೇಳಿ ನನಗೆ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ. ನಮ್ಮ ಕಚೇರಿಯೂ ಹೀಗೇ ನಡೆಯುತ್ತಿತ್ತು. ಸರ್ಕಾರಿ ಕೆಲಸಕ್ಕೆ ಬೇಕಾದ ಸಕಲ ಗುಣಗಳೂ ತಮ್ಮಲ್ಲಿದ್ದು, ತಾವು ನನ್ನ ರಕ್ತದಂಥ ಸಣ್ಣ ಜಾಗದಲ್ಲಿ ವ್ಯರ್ಥವಾಗುತ್ತಿದ್ದೀರಲ್ಲ ಎಂಬ ಕೊರಗು ನನ್ನನ್ನು ಕಾಡುತ್ತದೆ.

ಈಗ ನನ್ನ ಅಹವಾಲಿಗೆ ಬರುತ್ತೇನೆ. ಡಾಕ್ಟರಮ್ಮ ನನಗೆ ಹೊಸ ಮಾತ್ರೆಯೊಂದನ್ನು ಬರೆದುಕೊಟ್ಟರು. “ಈ ಔಷಧ ಕೆಲವರಿಗೆ ತುಂಬ ಚೆನ್ನಾಗಿ ಒಗ್ಗತ್ತೆ, ಕೆಲವರಿಗೆ ಅಷ್ಟಾಗಿ ಒಗ್ಗಲ್ಲ. ನಿಮಗೆ ಹೇಗೆ ಅಂತ ಮೊದಲೇ ಹೇಳೋಕಾಗಲ್ಲ. ರಕ್ತದಲ್ಲಿ ಈ ಅಂಶ ಇಳೀತಾ ಬಂದ್ರೆ ಒಗ್ತಾ ಇದೆ ಅಂತ ಅಂದಾಜು ಮಾಡ್ಬಹುದು” ಎಂದರು. ಕನಿಷ್ಠ ಮೂರನೆಯ ಒಂದು ಪಾಲಾದರೂ ತಾವು ಇಳಿಯಬೇಕಂತೆ. ಇಳಿಯದಿದ್ದರೆ ತಮ್ಮ ನೆಂಟರನ್ನೂ ಕರೆಸಿ ವಿಚಾರಿಸಬಹುದಂತೆ. ಹೃದಯಕ್ಕಾದ ಗಾಯದ ವಿಷಯ ಹೇಳುವವರೊಬ್ಬರು, ಗಾಯ ಮಾಗಿ ಉಳಿದ ಕಲೆಯ ವಿಷಯ ಹೇಳುವವರೊಬ್ಬರು. ನನ್ನೊಳಗೆ ಇಷ್ಟೊಂದು ಮಂದಿ ಸಾಕ್ಷಿಗಳು ಸಾಲಾಗಿ ಕೂತಿದ್ದಾರೆಂದು ಮೊದಲೇ ತಿಳಿದಿದ್ದರೆ ನಾನು ಇನ್ನಷ್ಟು ಮರ್ಯಾದೆಯಿಂದ ಬದುಕುತ್ತಿದ್ದೆ.

ತಮ್ಮ ಮೊದಲ ವರದಿ ಬಂದಾಗ ಸಂಖ್ಯೆ ನಾಲ್ಕಂಕಿಯಲ್ಲಿತ್ತು, ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಅದನ್ನು ನನ್ನ ಹೆಂಡತಿ ಓದಿದಳು. ಮಾನ್ಯರೇ, ನನಗಾದ ನಷ್ಟ ಶುರುವಾದದ್ದು ಆ ಕ್ಷಣದಿಂದ, ಮತ್ತು ಅದು ಉಪ್ಪು ಕಡಿಮೆಯಾದ ಊಟದ ನಷ್ಟವಲ್ಲ. ಅವಳು ನನ್ನ ಜತೆ ಜಗಳವಾಡುವುದನ್ನು ನಿಲ್ಲಿಸಿಬಿಟ್ಟಳು.

ನಮ್ಮ ಸಂಸಾರದ ಬಗ್ಗೆ ತಮಗೆ ತಿಳಿದಿರಲಾರದು. ಮದುವೆಯಾದಾಗಿನಿಂದ ನಾವು ಜಗಳವಾಡದೆ ಕಳೆದ ದಿನ ಇರಲಿಲ್ಲ. ಕಿಟಕಿ ತೆಗೆದರೆ ಅವಳು ಕತ್ತರಿಸಿಟ್ಟ ಬಟ್ಟೆ ಹಾರುತ್ತದೆ, ಮುಚ್ಚಿದರೆ ನನಗೆ ಸೆಕೆ. ನಾನು ಪತ್ರಿಕೆ ಮಡಚಿದ್ದು ಅವಳಿಗೆ ಸರಿಯಿಲ್ಲ, ಅವಳು ರೇಡಿಯೊ ತಿರುಗಿಸಿದ್ದು ನನಗೆ ಸರಿಯಿಲ್ಲ. ಇಸ್ತ್ರಿ ಪೆಟ್ಟಿಗೆ ಆರಿಸಿದವರು ಯಾರು, ಆರಿಸದವರು ಯಾರು ಎಂಬ ವಿಚಾರಣೆ ಎಷ್ಟೋ ವರ್ಷಗಳಿಂದ ಬಾಕಿಯಿದೆ. ಮಗಳು ಮದುವೆಯಾಗಿ ಹೋಗುವಾಗ ಅತ್ತುಕೊಂಡು, “ಅಪ್ಪ, ಅಮ್ಮನ ಜತೆ ಜಗಳ ಆಡ್ತಾ ಇರಿ, ಇಲ್ಲಾಂದ್ರೆ ಅವಳಿಗೆ ಬೇಜಾರಾಗತ್ತೆ” ಎಂದು ಹೇಳಿಯೇ ಹೋದಳು. ಅಂಥ ಹೆಂಡತಿ ತಮ್ಮ ನಾಲ್ಕಂಕಿಯನ್ನು ನೋಡಿದ ಮಾರನೆಯ ದಿನ ನನ್ನನ್ನು ಕೇಳಿದ್ದು ಏನು ಗೊತ್ತೇ? “ಕಿಟಕಿ ತೆಗೀಲಾ, ಮುಚ್ಲಾ? ನಿಮ್ಗೆ ಹೇಗೆ ಬೇಕೋ ಹಾಗೆ.” ನನ್ನ ಎದೆ ಧಸಕ್ಕೆಂದಿತು. ಡಾಕ್ಟರಮ್ಮ ಪಂಪು ಸೋತಿದೆಯೆಂದಾಗಲೂ ಹಾಗಾಗಿರಲಿಲ್ಲ.

ಪರೀಕ್ಷಿಸೋಣವೆಂದು ನಾನು ಒದ್ದೆ ಕೊಡೆಯನ್ನು ತಂದು, ಅವಳು ಆಗಷ್ಟೇ ಗುರುತು ಹಾಕಿ ಹರವಿದ್ದ ಬಿಳಿ ಬಟ್ಟೆಯ ಮೇಲೆ ಇಟ್ಟೆ. ಬೇಕೆಂದೇ ಇಟ್ಟೆ. ಇದಕ್ಕಿಂತ ಸಣ್ಣ ಅಪರಾಧಕ್ಕೆ ಹಿಂದೆ ನಾನು ಅಡುಗೆಮನೆಯಲ್ಲಿ ನಿಂತುಕೊಂಡು ಊಟ ಮಾಡಿದ್ದುಂಟು. ಅವಳು ಕೊಡೆಯನ್ನು ತೆಗೆದು ಮೂಲೆಗಿಟ್ಟು, ಬಟ್ಟೆಯನ್ನು ಕೊಡವಿ, “ಪರ್ವಾಗಿಲ್ಲ ಬಿಡಿ” ಎಂದಳು. ಆ ಪದ ಅವಳಿಗೆ ಗೊತ್ತಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ನಾನು ಕೆಮ್ಮಿದರೆ ಹೊಲಿಗೆ ಯಂತ್ರ ನಿಲ್ಲುತ್ತದೆ, ಕೆಮ್ಮು ನಿಂತರೆ ಮತ್ತೆ ಓಡುತ್ತದೆ. ನನ್ನ ಮಾತಿಗೆಲ್ಲ ಹೂಂ ಎನ್ನುತ್ತಾಳೆ. ಜಗಳವಾಡಿದರೆ ನನ್ನ ಹೃದಯಕ್ಕೆ ತೊಂದರೆಯಾದೀತೆಂದು ಅವಳ ಲೆಕ್ಕ. ಇವಳು ನನ್ನ ಕೈ ಬಿಟ್ಟಳು, ನನ್ನನ್ನು ಆಗಲೇ ಕಳಿಸಿಕೊಟ್ಟ ಹಾಗೆ ನಡೆಸಿಕೊಳ್ಳುತ್ತಿದ್ದಾಳೆ ಎಂದು ನನ್ನ ಲೆಕ್ಕ. ಮನೆಯಲ್ಲಿ ಇಷ್ಟೊಂದು ಶಾಂತಿ ನಾನು ಯಾವತ್ತೂ ಕಂಡಿರಲಿಲ್ಲ, ಇಷ್ಟೊಂದು ಹೆದರಿಯೂ ಇರಲಿಲ್ಲ. ಆಸ್ಪತ್ರೆಯವರಿಗೆ ಉಪಕಾರ ಮಾಡಲು ಹೋಗಿ ತಾವು ಇದ್ದ ಮನೆಯನ್ನು ಕೆಡಿಸಿದಿರಿ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ತಮ್ಮನ್ನು ಕಂಡೇ ಹುಟ್ಟಿರಬೇಕು.

ಇಲ್ಲಿ ನನ್ನ ಭಾವಮೈದುನನ ಪ್ರವೇಶವಾಗುತ್ತದೆ. ಹೆಂಡತಿಯ ತಮ್ಮನಾದ ಇವನಿಗೆ ನಮ್ಮ ಮನೆಯಲ್ಲಿ ಅಂಕಿಅಂಶ ಎಂದೇ ಹೆಸರು. ಮಳೆ ಬಂದರೆ ಎಷ್ಟು ಬಂತೆಂದು, ಬಸ್ಸು ತಡವಾದರೆ ಸರಾಸರಿ ಎಷ್ಟು ತಡವೆಂದು ಹೇಳುವವನು. ಎರಡನೆಯ ಪರೀಕ್ಷೆಯ ಸಮಯ ಬಂದಾಗ ಇವನು, “ಮೂರು ಮಹಡಿ ಇಳಿದು ಹತ್ತೋ ಕಷ್ಟ ಯಾಕೆ ಭಾವ? ಈಗ ರಕ್ತ ತಗೊಳ್ಳೋರು ಮನೆಗೇ ಬರ್ತಾರೆ” ಎಂದು ಬೇರೊಂದು ಪ್ರಯೋಗಾಲಯಕ್ಕೆ ಫೋನು ಮಾಡಿದ. ಬಂದ ಹುಡುಗಿ ಯಾವ ಪರೀಕ್ಷೆಯೆಂದು ಕೇಳಿದಳು. ಅಂಕಿಅಂಶ ತಮ್ಮ ಪೂರ್ತಿ ಹೆಸರನ್ನು ಹೇಳಲು ಶುರುಮಾಡಿ, ನಡುವೆ ಎಡವಿ, ಕೊನೆಯ ಮೂರಕ್ಷರವನ್ನಷ್ಟೇ ಹೇಳಿದ. “ಬಿಎನ್‌ಪಿ ತಾನೇ ಸರ್?” ಎಂದು ಅವಳು ಕೇಳಿದ್ದಕ್ಕೆ “ಅದೇ ಅದೇ, ಉದ್ದ ಹೆಸರನ್ನ ಚಿಕ್ಕದಾಗಿ ಹಾಗಂತಾರೆ” ಎಂದು ಅವಳಿಗೇ ಪಾಠ ಹೇಳಿ ಕಳಿಸಿದ. ನಮ್ಮಲ್ಲಿ ಉದ್ದನೆಯ ಹೆಸರಿನವರನ್ನು ಗಿಡ್ಡ ಹೆಸರಿನಿಂದ ಕೂಗುವುದು ವಾಡಿಕೆಯಾದ್ದರಿಂದ ನಮಗೂ ಅನುಮಾನ ಬರಲಿಲ್ಲ. ತಮ್ಮ ಬದಲಿಗೆ ತಮ್ಮ ಕಿರಿಯ ಸಹೋದರರು ಅಳೆಸಿಕೊಂಡು ಹೋದರು.

ವರದಿ ಬಂತು. ನಾಲ್ಕಂಕಿ ಇದ್ದದ್ದು ಮೂರಂಕಿ ಆಗಿತ್ತು! ಅಂಕಿಅಂಶ ತಕ್ಷಣವೇ ಒಂದು ನಕ್ಷೆ ಬರೆದ. ಬೆಟ್ಟದ ತುದಿಯಿಂದ ಜಾರಿಬಿದ್ದ ಹಾಗಿದ್ದ ಆ ಗೆರೆಯನ್ನು ಹೆಂಡತಿ ಬಹಳ ಹೊತ್ತು ನೋಡಿದಳು. ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಏನ್ರೀ ಇದು, ಚಪ್ಪಲೀನ ಹೀಗೆ ದಾರಿಗಡ್ಡ ಬಿಡೋದಾ? ನಾನೇನು ಎಡವಿ ಬಿದ್ದು ಸಾಯ್ಬೇಕಾ?” ಎಂದಳು.

ಆ ವಾರವನ್ನು ನಾನು ಹೇಗೆ ವರ್ಣಿಸಲಿ! ಅವಳು ತಡೆದಿಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಹೊರಬಂತು. ಒದ್ದೆ ಕೊಡೆಯ ಬಾಕಿ ಬಡ್ಡಿಸಮೇತ ತೀರಿತು. ನನ್ನ ಅಕ್ಕ ನಮ್ಮ ಮದುವೆಯ ಹೊಸತರಲ್ಲಿ ಅವಳು ಹೊಲಿದ ಅಂಗಿಯ ತೋಳಿನ ಬಗ್ಗೆ ಆಡಿದ್ದ ಮಾತು ಮರುವಿಚಾರಣೆಗೆ ಬಂತು, ಅಕ್ಕನ ಪರವಾಗಿ ನಾನು ವಾದಿಸಿ ಸೋತೆ. ಅಂಕಿಅಂಶ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡ. ಹೊಲಿಗೆ ಯಂತ್ರ ಹಳೆಯ ವೇಗದಲ್ಲಿ ಓಡಿತು. ನಾನು ಉಪ್ಪಿಲ್ಲದ ಊಟವನ್ನು ಚಪ್ಪರಿಸಿಕೊಂಡು ಉಂಡೆ. ನಿಜ ಹೇಳುತ್ತೇನೆ, ಆ ವಾರ ನನಗೆ ಮಾತ್ರೆಗಿಂತ ಜಗಳವೇ ಒಗ್ಗಿತು.

ಆಮೇಲೆ ಮೂವರೂ ನಕ್ಷೆಯನ್ನು ಹಿಡಿದುಕೊಂಡು ಡಾಕ್ಟರಮ್ಮನ ಕೋಣೆಗೆ ಹೋದೆವು. ಅವರು ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಕನ್ನಡಕ ತೆಗೆದು, “ಸರ್, ಇದು ಆ ಟೆಸ್ಟ್ ಅಲ್ಲ. ಎರಡೂ ಒಂದೇ ಕಡೆ ಹುಟ್ಟಿದ್ರೂ ಅಳತೆ ಬೇರೆ ಬೇರೆ. ಇವೆರಡನ್ನ ಹೋಲಿಸೋಕಾಗಲ್ಲ. ಅಲ್ದೆ ನೀವು ತಗೊಳ್ತಿರೋ ಮಾತ್ರೆ ಇದೆಯಲ್ಲ, ಅದು ಬಿಎನ್‌ಪಿ ಕರಗದ ಹಾಗೆ ತಡೆಯತ್ತೆ, ಹಾಗಾಗಿ ಅದರ ಲೆಕ್ಕ ನಮಗೆ ಉಪಯೋಗಕ್ಕೆ ಬರಲ್ಲ” ಎಂದರು. ನಮ್ಮ ಮೂವರಲ್ಲಿ ನನ್ನ ಹೆಂಡತಿಗೆ ಮಾತ್ರ ಎಲ್ಲ ಒಂದೇ ಏಟಿಗೆ ಅರ್ಥವಾಯಿತು. “ಸೆಂಟಿಮೀಟರಲ್ಲಿ ಅಳೆದು ಇಂಚಲ್ಲಿ ಕತ್ತರಿಸಿದ್ದೀಯಲ್ಲೋ” ಎಂದು ತಮ್ಮನಿಗೆ ಮೆಲ್ಲಗೆ ಹೇಳಿದಳು. ಬೈಯಲಿಲ್ಲ. ಅವಳ ದನಿ ಮತ್ತೆ ಆ “ಪರ್ವಾಗಿಲ್ಲ” ದನಿಯಾಗುತ್ತಿದೆಯೆಂದು ನನಗೆ ಗೊತ್ತಾಯಿತು.

ಆಸ್ಪತ್ರೆಯಲ್ಲೇ ಮತ್ತೆ ರಕ್ತ ತೆಗೆದರು. ಹೊರಗಿನ ಬೆಂಚಿನ ಮೇಲೆ ಮೂವರೂ ಕಾದು ಕೂತೆವು. ಅಂಕಿಅಂಶ ನಕ್ಷೆಯನ್ನು ಸಣ್ಣದಾಗಿ ಮಡಚುತ್ತ ಹೋದ. ಈ ಸಲ ಬಂದವರು ತಾವೇ, ಸಾಕ್ಷಾತ್ ತಾವೇ. ಇಳಿದಿದ್ದಿರಿ, ಆದರೆ ಮೂರನೆಯ ಒಂದು ಪಾಲಿನ ಹತ್ತಿರವೂ ಇರಲಿಲ್ಲ. ಯಾರದೋ ಒತ್ತಾಯಕ್ಕೆ ಒಂದು ಮೆಟ್ಟಿಲು ಇಳಿದು ನಿಂತ ದೊಡ್ಡ ಮನುಷ್ಯರ ಹಾಗೆ ಇಳಿದಿದ್ದಿರಿ. ನಮ್ಮನ್ನು ಮತ್ತೆ ಒಳಗೆ ಕರೆದ ಡಾಕ್ಟರಮ್ಮ ವರದಿಯನ್ನು ಬದಿಗಿಟ್ಟು, “ನಂಬರ್ ಒಂದೇ ನೋಡಿ ಔಷಧ ಒಗ್ತಿಲ್ಲ ಅಂತ ಹೇಳಲ್ಲ ನಾನು. ನೀವು ಹೇಳಿ ಸರ್, ಮೆಟ್ಟಿಲು ಹತ್ತುವಾಗ ಉಸಿರು ಹತ್ತತ್ತಾ?” ಎಂದು ಕೇಳಿದರು. ನಾನು ಎಂದಿನಂತೆ, “ಏನೂ ತೊಂದರೆಯಿಲ್ಲ ಡಾಕ್ಟ್ರೇ” ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಹೇಳುತ್ತ ಹೇಳುತ್ತ ಹೆಂಡತಿಯ ಮುಖ ನೋಡಿಬಿಟ್ಟೆ. ಡಾಕ್ಟರಮ್ಮ ಅದನ್ನು ಗಮನಿಸಿದರು. “ನಿಮ್ಮ ರಕ್ತ ಒಂದು ಹೇಳ್ತಿದೆ, ನೀವು ಇನ್ನೊಂದು ಹೇಳ್ತಿದ್ದೀರ. ನಿಜ ಗೊತ್ತಾಗ್ದೆ ನಾನು ಔಷಧ ಹೆಚ್ಚು ಮಾಡ್ಲಾ, ಬಿಡ್ಲಾ?” ಎಂದರು.

ಆಗ ಹೇಳಿದೆ. ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಲ್ಲುತ್ತೇನೆ. ಮೊದಲ ಮಹಡಿಯಲ್ಲಿ ಜೇಬಿನಲ್ಲಿರುವ ಬೀಗದ ಕೈ ಹುಡುಕುವವನ ಹಾಗೆ, ಎರಡನೆಯದರಲ್ಲಿ ಎದುರು ಬಾಗಿಲಿನ ನಾಮಫಲಕ ಓದುವವನ ಹಾಗೆ. ಆ ಮನೆಯವರು ನಾನು ಅವರ ಮಗಳಿಗೆ ಗಂಡು ನೋಡುತ್ತಿದ್ದೇನೆಂದು ತಿಳಿದುಕೊಂಡಿರಲೂಬಹುದು. ಹೆಂಡತಿಗೆ ಹೇಳಿದರೆ ಅವಳು ಇನ್ನೂ ಮೆತ್ತಗಾಗುತ್ತಾಳೆಂಬ ಭಯಕ್ಕೆ ಹೇಳಿರಲಿಲ್ಲ. ಮೂರಂಕಿ ಬಂದ ವಾರವಂತೂ ಸಿಕ್ಕ ಜಗಳ ಕೈತಪ್ಪಬಾರದೆಂದು ಇನ್ನಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಂಡಿದ್ದೆ.

ನನ್ನ ಮಾತು ಮುಗಿಯುವ ಮೊದಲೇ ಅವಳು ಎದ್ದು ನಿಂತಳು. “ರೀ, ಉಸಿರು ಹತ್ತಿದ್ರೆ ನಂಗೆ ಹೇಳ್ಬೇಕಲ್ವಾ? ಒಂದೇ ಮನೇಲಿದ್ಕೊಂಡು, ಒಂದೇ ಒಲೆ ಮೇಲೆ ಬೇಯಿಸಿದ್ದನ್ನ ತಿಂದ್ಕೊಂಡು, ನಿಮ್ಮ ರಕ್ತ ಬಂದು ನಂಗೆ ಹೇಳ್ಬೇಕಾ? ನಾನೇನು ಪರಕೀಯಳಾ? ಅಲ್ಲಾ, ಸೂಜಿ ಚುಚ್ಚಿಸಿ ಗಂಡನ ಕಷ್ಟ ತಿಳ್ಕೊಳ್ಳೋ ಗತಿ ಬಂತಲ್ಲ ನಂಗೆ!” ಎಂದಳು. ಇಷ್ಟಕ್ಕೆ ನಿಲ್ಲಲಿಲ್ಲ. ಹೊರಗಿನ ಬೆಂಚಿನವರೆಲ್ಲ ಬಾಗಿಲ ಕಡೆ ತಿರುಗಿದರು. ಅಂಕಿಅಂಶ, “ಅಕ್ಕ, ಮೆಲ್ಲಗೆ, ಭಾವನ ಹೃದಯ...” ಎಂದು ಶುರುಮಾಡಿದ. “ಅವರ ಹೃದಯ ನಂಗೊತ್ತು, ನೀನು ನಿನ್ನ ಇಂಚು ನೋಡ್ಕೊ” ಎಂದು ಅವನ ಬಾಯಿ ಮುಚ್ಚಿಸಿದಳು. ಸಂಖ್ಯೆ ಸಾಕಷ್ಟು ಇಳಿದಿರಲಿಲ್ಲ, ವರದಿ ಎಲ್ಲರ ಕಣ್ಣ ಮುಂದೆ ಮೇಜಿನ ಮೇಲೇ ಇತ್ತು, ಆದರೂ ಅವಳು ಬೈಯುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬೈಯುತ್ತಿದ್ದಳು. ಡಾಕ್ಟರಮ್ಮ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿ ಬರೆದರು. ನನಗೆ ಹೆದರಿಕೆ ಇದ್ದೇ ಇತ್ತು, ಈಗಲೂ ಇದೆ. ಆದರೆ ಇವಳು ನನ್ನನ್ನು ಇನ್ನೂ ಕಳಿಸಿಕೊಟ್ಟಿಲ್ಲವೆಂದು ಗೊತ್ತಾಯಿತು.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿಷ್ಟು. ಇನ್ನು ಮುಂದೆ ನನ್ನ ವಿಷಯವಾಗಿ ಪ್ರಯೋಗಾಲಯಕ್ಕೆ ಏನಾದರೂ ತಿಳಿಸುವುದಿದ್ದರೆ ಮುಂಚಿತವಾಗಿ ನನಗೊಂದು ಪ್ರತಿಯನ್ನು ಕಳಿಸಬೇಕು. ತಾವೂ ತಮ್ಮ ಸಹೋದರರೂ ಸೂಜಿಯ ಮುಂದೆ ಹಾಜರಾಗುವಾಗ ಗುರುತಿನ ಚೀಟಿ ಧರಿಸಿರಬೇಕು, ಸಾಧ್ಯವಾದರೆ ಬೇರೆ ಬೇರೆ ಬಣ್ಣದ ಅಂಗಿ ತೊಡಬೇಕು, ಹೊಲಿಗೆಗೆ ನಮ್ಮ ಮನೆಯಲ್ಲೇ ವ್ಯವಸ್ಥೆಯಿದೆ. ದುಡಿಯುವ ಕಿರಿಯರಿಗೆ ಬಡ್ತಿ ಕೊಡಿಸಬೇಕು. ಹೆಚ್ಚಿಸಿದ ಮಾತ್ರೆಗೆ ಮರ್ಯಾದೆ ಕೊಟ್ಟು ತಾವು ಮೂರನೆಯ ಒಂದು ಪಾಲು ಇಳಿಯಬೇಕು. ಅಷ್ಟು ಆಗದಿದ್ದರೆ ಕಾಲು ಪಾಲಾದರೂ ಇಳಿಯಿರಿ, ಮಿಕ್ಕದ್ದನ್ನು ನಾನೂ ಡಾಕ್ಟರಮ್ಮನೂ ಮಾತಾಡಿಕೊಳ್ಳುತ್ತೇವೆ. ಇದ್ಯಾವುದೂ ಆಗುವುದಿಲ್ಲವೆಂದಾದರೆ ಕನಿಷ್ಠ “ತಮ್ಮ ದೂರು ಪರಿಶೀಲನೆಯಲ್ಲಿದೆ” ಎಂದು ಒಂದು ಸಾಲು ಬರೆದುಹಾಕಿ. ಅದನ್ನು ಓದಿ ಎಷ್ಟೋ ಜನ ಎಷ್ಟೋ ವರ್ಷ ಬದುಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂತಿ, ತಮಗೆ ಬಾಡಿಗೆಯಿಲ್ಲದೆ ಮನೆಯನ್ನೂ ವೇಳೆಗೆ ಸರಿಯಾಗಿ ಊಟವನ್ನೂ ಒದಗಿಸುತ್ತಿರುವ, ಬೇರೆ ದಾರಿ ಕಾಣದ
ತಮ್ಮ ವಿಶ್ವಾಸಿ

ಮರುಟಿಪ್ಪಣಿ: ಪತ್ರವನ್ನು ಮುಗಿಸಿ ಲಕೋಟೆ ತರಲು ಅಂಗಡಿಗೆ ಹೋಗಿ ಬರುವಾಗ ಎರಡನೆಯ ಮಹಡಿಯಲ್ಲಿ ನನಗೆ ಉಸಿರು ಹತ್ತಿತು. ನಾಮಫಲಕ ಓದಲಿಲ್ಲ. ಅಲ್ಲೇ ನಿಂತು ಮೇಲಕ್ಕೆ ಮುಖ ಮಾಡಿ, “ಉಸಿರು ಹತ್ತುತ್ತಿದೆ ಕಣೇ” ಎಂದು ಕೂಗಿದೆ. ಹೊಲಿಗೆ ಯಂತ್ರ ನಿಂತಿತು. ನನ್ನ ಹೆಂಡತಿ ಒಂದು ಕೈಯಲ್ಲಿ ಸ್ಟೂಲು ಹಿಡಿದು, ಲಕೋಟೆಗೆ ಈ ಬಿಸಿಲಲ್ಲೇ ಹೋಗಬೇಕಿತ್ತಾ ಎಂದು ಮೇಲಿನಿಂದ ಕೆಳಗಿನವರೆಗೂ ಬೈಯುತ್ತ ಇಳಿದು ಬಂದಳು. ಇದೇ ಸುದ್ದಿಯನ್ನು ತಾವು ಮುಂದಿನ ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಹೇಳಲಿದ್ದೀರಿ. ಧಾರಾಳವಾಗಿ ಹೇಳಿ, ಅವಳಿಗೆ ಆಗಲೇ ಗೊತ್ತಿದೆ.